ಲೀಮಾದಿಂದ ನಾಲ್ಕೂವರೆ ಗಂಟೆ

ಲೀಮಾದಿಂದ ಬ್ಯೂನಸ್ ಐರಿಸ್‌ಗೆ ಎಷ್ಟು ದೂರ ಎಂದು ಆ ವರ್ಷ ಯಾರಾದರೂ ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಹೇಳಿಬಿಡುತ್ತಿದ್ದೆ. ಹೆಚ್ಚುಕಮ್ಮಿ ಮೂರು ಸಾವಿರದ ನೂರೈವತ್ತು ಕಿಲೋಮೀಟರು, ವಿಮಾನದಲ್ಲಿ ನಾಲ್ಕೂವರೆ ಗಂಟೆ. ಆದರೆ ಎರಡೂ ಊರುಗಳನ್ನು ನಾನು ಕಂಡವಳಲ್ಲ. ಕಾಣುವ ಯೋಗ ಬಂದದ್ದು ನಮ್ಮ ಆಫೀಸಿನ ಬೆಂಗಳೂರಿನ ಹುಡುಗಿಗೆ. ಅದಕ್ಕೆ ನನ್ನ ಹೊಟ್ಟೆ ಉರಿಯತೊಡಗಿ ಆಗಲೇ ಕೆಲವು ತಿಂಗಳಾಗಿತ್ತು.

ನಮ್ಮದು ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ಸೀರೆ ಅಂಗಡಿಯ ಮೇಲಿನ ಎರಡು ಕೋಣೆಯ ಟೂರ್ ಆಫೀಸು. ಲಂಡನ್ನಿನಲ್ಲಿ ನೆಲೆಸಿದ ನಮ್ಮ ಕಡೆಯ ಹಿರಿಯರನ್ನು ಗುಂಪು ಕಟ್ಟಿ ದೇಶ ಸುತ್ತಿಸುವುದು ಕಸುಬು. ಪ್ರತಿ ಗುಂಪಿನ ಜೊತೆಗೂ ಕುಕ್ಕರು, ಸಾರಿನ ಪುಡಿ ಸಮೇತ ಒಬ್ಬ ಅಡುಗೆ ಭಟ್ಟರು ಹೋಗುತ್ತಾರೆ. ಹೋಟೆಲಿನ ಅಡುಗೆಮನೆಯಲ್ಲಿ ಒಂದು ಮೂಲೆ ಬಿಡಿಸಿಕೊಂಡು ಅನ್ನ ಬೇಯಿಸುತ್ತಾರೆ. ದಕ್ಷಿಣ ಅಮೆರಿಕಕ್ಕೆ ಹೋಗುವ ಸಾಹಸ ಅದೇ ಮೊದಲು. ಅದನ್ನು ಯೋಚಿಸಿದವಳು ನಾನು, ಮಾಲೀಕರನ್ನು ಒಪ್ಪಿಸಿದವಳು ನಾನು, ಒಂದು ವರ್ಷ ಕೂತು ಹೋಟೆಲು, ಬಸ್ಸು, ವಿಮಾನಗಳನ್ನು ಒಂದಕ್ಕೊಂದು ಹೆಣೆದವಳೂ ನಾನೇ. ಗುಂಪಿನ ಜೊತೆ ನಾನೇ ಹೋಗುತ್ತೇನೆಂದು ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದೆ.

ಮಾಲೀಕರು ಉಡುಪಿಯವರು, ನನ್ನ ಊರು ಕುಂದಾಪುರ. ಹಾಗಾಗಿ ನಮ್ಮಿಬ್ಬರ ನಡುವೆ ಮುಚ್ಚುಮರೆ ಕಡಿಮೆ. ಅವರು ಕಾರಣವನ್ನು ನೇರವಾಗಿಯೇ ಹೇಳಿದರು. ನನ್ನ ಗಂಡ ಮಕ್ಕಳದ್ದೆಲ್ಲ ಬ್ರಿಟಿಷ್ ಪಾಸ್‌ಪೋರ್ಟು. ನಾನು ಮಾತ್ರ ಭಾರತದ್ದನ್ನೇ ಇಟ್ಟುಕೊಂಡಿದ್ದೆ. ಅರ್ಜಿ ತುಂಬಲು ಕೂತಾಗಲೆಲ್ಲ ಮನಸ್ಸು ಹಿಂದೇಟು ಹಾಕುತ್ತಿತ್ತು, ಅಷ್ಟೆ. "ದಾರಿಯಲ್ಲಿ ಯಾರಿಗಾದ್ರೂ ಹೆಚ್ಚುಕಮ್ಮಿ ಆಗಿ ಪಕ್ಕದ ದೇಶಕ್ಕೆ ಕರ್ಕೊಂಡು ಓಡ್ಬೇಕಾದ್ರೆ ನೀನು ವೀಸಾಕ್ಕೆ ಕಾದು ಕೂರುದಾ ಮಾರಾಯ್ತಿ?" ಎಂದರು. ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದ ಕಾರಣಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಬೆಂಗಳೂರಿನ ಹುಡುಗಿ ಐಟಿ ಕೆಲಸ ಬೇಜಾರಾಗಿ ಬಿಟ್ಟು ನಮ್ಮಲ್ಲಿಗೆ ಬಂದವಳು. ಬ್ರಿಟಿಷ್ ಪಾಸ್‌ಪೋರ್ಟು, ಸಂಜೆ ಕ್ಲಾಸಿಗೆ ಹೋಗಿ ಕಲಿತ ಸ್ಪ್ಯಾನಿಷ್, ಎಂಥವರನ್ನೂ ಎರಡು ನಿಮಿಷದಲ್ಲಿ ಒಲಿಸಿಕೊಳ್ಳುವ ನಗು. ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು, ಕಾಫಿ ಮಾಡಿದರೆ ಮೊದಲ ಕಪ್ಪು ನನಗೇ ತಂದಿಡುತ್ತಿದ್ದಳು. ದ್ವೇಷ ಮಾಡಲು ಒಂದು ಎಳೆ ಕಾರಣವನ್ನೂ ಕೊಡುತ್ತಿರಲಿಲ್ಲ. ಅದೊಂದು ಬೇರೆ ಕಷ್ಟ. ಅವಳು ಲೀಮಾದ ಏಜೆಂಟಿನ ಜೊತೆ ಫೋನಿನಲ್ಲಿ ಪಟಪಟ ಸ್ಪ್ಯಾನಿಷ್ ಹೊಡೆಯುವಾಗ ನಾನು ಪಕ್ಕದ ಮೇಜಿನಲ್ಲಿ ಕೂತು, ನನ್ನ ಟೂರಿನ ಬಗ್ಗೆ ಇವಳೇನು ಮಾತಾಡುತ್ತಿದ್ದಾಳೆಂದು ಮುಖ ನೋಡಿ ಊಹಿಸಬೇಕಾಗಿತ್ತು.

ಕೆಲಸದ ಕ್ರಮ ಹೇಳುತ್ತೇನೆ. ಎರಡು ಊರುಗಳ ನಡುವಿನ ದೂರವನ್ನು ಗೋಡೆಯ ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದರೆ ತಪ್ಪಾಗುತ್ತದೆ, ಭೂಮಿ ಚಪ್ಪಟೆಯಲ್ಲವಲ್ಲ. ಗೋಳದ ಮೇಲೆ ದಾರ ಬಿಗಿದು ಎಳೆದರೆ ಬರುವುದು ವಿಮಾನದ ದಾರಿ. ಆ ದೂರವನ್ನು ಗಂಟೆಗೆ ಎಂಟುನೂರು ಕಿಲೋಮೀಟರಿನಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿದರೆ ಸಮಯ ಸಿಗುತ್ತದೆ. ಆಮೇಲೆ ಗಡಿಯಾರದ ವ್ಯತ್ಯಾಸ ನೋಡಬೇಕು. ಬ್ಯೂನಸ್ ಐರಿಸ್ ಲೀಮಾಕ್ಕಿಂತ ಎರಡು ಗಂಟೆ ಮುಂದೆ. ಒಂದು ಗಂಟೆಗೆ ಹೊರಟ ವಿಮಾನ ಏಳೂವರೆಗೆ ಇಳಿಯಿತು ಎಂದು ಟಿಕೆಟ್ಟಿನಲ್ಲಿದ್ದರೂ ಕೂತದ್ದು ನಾಲ್ಕೂವರೆ ಗಂಟೆಯೇ. ಇಷ್ಟಾದ ಮೇಲೆ ನಮ್ಮ ಆಫೀಸಿನಲ್ಲಿ ಇನ್ನೊಂದು ಕೆಲಸವಿದೆ, ಅದು ಬೇರೆ ಯಾವ ಟೂರ್ ಕಂಪನಿಯಲ್ಲೂ ಇರಲಿಕ್ಕಿಲ್ಲ. ಉಡುಪಿಯಿಂದ ತರಿಸಿದ ಪಂಚಾಂಗ ತೆರೆದು ಪ್ರತಿ ದಿನಕ್ಕೂ ತಿಥಿ ನೋಡುವುದು. ಏಕಾದಶಿಯಾದರೆ ಭಟ್ಟರಿಗೆ ಅವಲಕ್ಕಿ, ಹಣ್ಣಿನ ವ್ಯವಸ್ಥೆ ಹೇಳಬೇಕು. ಸಂಕಷ್ಟಿಯಾದರೆ ಆ ಊರಿನಲ್ಲಿ ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆಂದು ಹುಡುಕಬೇಕು.

ಎರಡು ಸಾವಿರದ ಹತ್ತೊಂಬತ್ತರ ಜುಲೈ ಎರಡರಂದು ಗುಂಪು ಲೀಮಾದಿಂದ ಬ್ಯೂನಸ್ ಐರಿಸ್‌ಗೆ ಹಾರಬೇಕಿತ್ತು. ಆ ದಿನ ಅಮಾವಾಸ್ಯೆ. ಪಂಚಾಂಗದಲ್ಲಿ ಆಚರಿಸಬೇಕಾದದ್ದು ಏನೂ ಇರಲಿಲ್ಲ. ನಾನು ಸರಿ ಎಂದು ಗುರುತು ಹಾಕಿ ಮುಂದೆ ಹೋದೆ. ಗುಂಪಿನವರೆಲ್ಲರ ಅಡುಗೆಮನೆಯ ಗೋಡೆಯಲ್ಲೂ ಊರಿನ ಕ್ಯಾಲೆಂಡರೇ ತೂಗುತ್ತಿತ್ತು. ಅವರೂ ನೋಡಿ ಸುಮ್ಮನಾಗಿದ್ದರು.

ಹೊರಡಲು ತಿಂಗಳಿಗಿಂತ ಕಡಿಮೆ ಇದ್ದಾಗ ಒಂದು ಬೆಳಿಗ್ಗೆ ಹುಡುಗಿ ಲೀಮಾದ ಏಜೆಂಟಿನ ಜೊತೆ ಮಾತಾಡಿ ಫೋನಿಟ್ಟಳು. ಆ ವಾರ ಆ ಕಡೆ ವಿಮಾನ, ಹೋಟೆಲು ಯಾಕೆ ಇಷ್ಟು ತುಂಬಿವೆ ಎಂದು ಕೇಳಿದ್ದಳಂತೆ. ಮಾಲೀಕರೂ ಅಲ್ಲೇ ಇದ್ದರು.

"ಅಕ್ಕ, ನಾವು ಲೀಮಾದಿಂದ ಹಾರೋ ದಿನಾನೇ ಅಲ್ಲಿ ಸೂರ್ಯಗ್ರಹಣ ಅಂತೆ. ಜನ ಎಲ್ಲಾ ಅದನ್ನ ನೋಡೋಕೆ ಬರ್ತಿದ್ದಾರಂತೆ. ನಮಗೆ ಗೊತ್ತಿತ್ತಾ?"

ನಮಗೆ ಗೊತ್ತಿರಲಿಲ್ಲ. ನಾನು ಪಂಚಾಂಗ ತೆಗೆದು ಕೊನೆಯ ಪುಟಗಳಲ್ಲಿ ಹುಡುಕಿದೆ. ಭಾರತದಲ್ಲಿ ಕಾಣಿಸದ ಗ್ರಹಣ, ಆದ್ದರಿಂದ ಆಚರಣೆ ಇಲ್ಲ ಎಂದು ಒಂದೇ ಸಾಲು. ಉಡುಪಿಯಲ್ಲಿ ಆಚರಣೆ ಇಲ್ಲ, ಸರಿ. ಆದರೆ ನಮ್ಮ ಗುಂಪು ಅವತ್ತು ಉಡುಪಿಯಲ್ಲಿ ಇರುವುದಿಲ್ಲವಲ್ಲ. ಸಾವಿರಾರು ಮೈಲಿ ಆಚೆ ಹೋಗುವವರಿಗೆ ಊರಿನ ಆಕಾಶ ನೋಡಿ ದಿನ ಗೊತ್ತು ಮಾಡಿದ್ದೆವು, ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆದದ್ದು ಅವಳಿಗೆ, ಅದೂ ಸ್ಪ್ಯಾನಿಷ್‌ನಲ್ಲಿ. ಮಾಲೀಕರು ಅವಳ ಬೆನ್ನು ತಟ್ಟಿ ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹುಡುಗಿಗೆ ಇದು ಸಮಸ್ಯೆ ಎಂದೇ ಅನ್ನಿಸಲಿಲ್ಲ. ಪ್ಲೇನಿನಲ್ಲೇ ಇರುತ್ತೇವಲ್ಲ, ಅಲ್ಲಿ ಹೇಗೂ ಭಟ್ಟರ ಊಟ ಇಲ್ಲ, ಕಿಟಕಿಯಿಂದ ಗ್ರಹಣ ಬೇರೆ ಕಾಣುತ್ತದೆ ಎಂದು ಅವಳ ಕಣ್ಣು ಅರಳಿತು. ಮೂವತ್ತೈದು ಸಾವಿರ ಅಡಿ ಮೇಲಿಂದ ಗ್ರಹಣ ಹಿಡಿದ ಸೂರ್ಯನನ್ನು ನೋಡುವ ಭಾಗ್ಯವೂ ಇವಳಿಗೇ ಎಂದು ನನಗೆ ಒಳಗೊಳಗೇ ಚುಚ್ಚಿತು. ಗುಂಪಿನವರು ಏನನ್ನುತ್ತಾರೋ ಕೇಳಬೇಕು ಎಂದಷ್ಟೇ ಹೇಳಿದೆ.

ಗುಂಪು ಎಂದರೆ ದೊಡ್ಡಮ್ಮ. ಅಕ್ಸ್‌ಬ್ರಿಡ್ಜ್‌ನಲ್ಲಿರುವ, ಉಡುಪಿ ಮೂಲದ, ಎಲ್ಲರೂ ಹಾಗೆಂದೇ ಕರೆಯುವ ಹಿರಿಯರು. ಎಪ್ಪತ್ತು ದಾಟಿದೆ, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಗುಂಪಿನಲ್ಲಿ ಮುಕ್ಕಾಲು ಪಾಲು ಅವರ ನಾದಿನಿ, ಬೀಗರು, ಭಜನೆಯ ಗೆಳತಿಯರು. ಅವರು ಬಂದರೆ ಟೂರು ಉಂಟು, ಅವರು ಬಿಟ್ಟರೆ ಇಲ್ಲ. ಮಾರನೆಯ ದಿನ ಮೆಟ್ರೊಪಾಲಿಟನ್ ಲೈನ್ ಹಿಡಿದು ನಾನೊಬ್ಬಳೇ ಅವರ ಮನೆಗೆ ಹೋದೆ.

ಗ್ರಹಣ ಎಂದಾಗ ಅವರು ಗಾಬರಿಯಾಗಲಿಲ್ಲ. ಟಿಕೆಟ್ಟು ತಂದು ಆರೂವರೆ ಗಂಟೆ ಪ್ರಯಾಣದಲ್ಲಿ ಗ್ರಹಣ ಯಾವಾಗ ಹಿಡಿದು ಯಾವಾಗ ಬಿಡುತ್ತದೆ ಎಂದು ಕೇಳಿದರು. ಆರೂವರೆಯಲ್ಲ, ಅದರಲ್ಲಿ ಎರಡು ಗಂಟೆ ಗಡಿಯಾರದ್ದು ಎಂದು ಬಿಡಿಸಿ ಹೇಳಬೇಕಾಯಿತು. ಕೋಣೆಯಲ್ಲಿ ಒಂದು ಗೋಳವಿತ್ತು. ದೇವರ ಕೋಣೆಯಿಂದ ಹೂ ಕಟ್ಟುವ ದಾರ ಕೇಳಿ ತಂದು ಲೀಮಾದಿಂದ ಬ್ಯೂನಸ್ ಐರಿಸ್‌ವರೆಗೆ ಬಿಗಿದು ಹಿಡಿದೆ. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಸೂರ್ಯ ಮುಳುಗುವಾಗ ಈ ದಾರದ ಮೇಲೆ ನಾವು ಎಲ್ಲಿರ್ತೇವೆ?"

ಆ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ. ಲೆಕ್ಕ ಹಾಕಿದೆ. ವಿಮಾನ ಪೂರ್ವದ ಕಡೆಗೆ ಓಡುವುದರಿಂದ ಸಂಜೆ ಎದುರಿನಿಂದ ಬೇಗ ಬರುತ್ತದೆ. ದಾರದ ಮೂರರಲ್ಲಿ ಎರಡು ಪಾಲು ದಾಟುವಷ್ಟರಲ್ಲಿ, ಅರ್ಜೆಂಟೀನಾದ ಉತ್ತರದ ಮೇಲೆ, ಸೂರ್ಯ ಮುಳುಗುತ್ತಾನೆ, ಗ್ರಹಣ ಇನ್ನೂ ಬಿಟ್ಟಿರುವುದಿಲ್ಲ. ಬ್ಯೂನಸ್ ಐರಿಸ್‌ನಲ್ಲೇ ಇದ್ದರೂ ಅದೇ ಕಥೆ. ಬೆರಳಿಟ್ಟು ತೋರಿಸಿದೆ.

ದೊಡ್ಡಮ್ಮ ಕುರ್ಚಿಗೆ ಒರಗಿದರು. "ಹಿಡಿದ ಸೂರ್ಯ ಹಾಗೇ ಮುಳುಗಿದ್ರೆ ಮರುದಿನ ಸೂರ್ಯನನ್ನು ಕಂಡೇ ಊಟ. ನಾನು ಸಣ್ಣವಳಿರುವಾಗಿಂದ ತಪ್ಪಿಸಿದವಳಲ್ಲ. ತಿಂದ್ರೆ ಮನಸ್ಸಿಗೆ ಆಗುದಿಲ್ಲ, ತಿನ್ನದಿದ್ರೆ ಈ ಶರೀರಕ್ಕೆ ಆಗುದಿಲ್ಲ. ನನ್ನನ್ನು ಬಿಟ್ಟು ಹೋಗಿ ಮಗಾ."

ಅವರನ್ನು ಬಿಟ್ಟು ಹೋಗುವುದೆಂದರೆ ಟೂರನ್ನೇ ಬಿಡುವುದು. ಎರಡು ದಿನ ಸಮಯ ಕೊಡಿ ಎಂದು ಕೇಳಿ ಎದ್ದೆ. ವಾಪಸ್ ಬರುವ ಟ್ರೇನಿನಲ್ಲಿ, ಒಂದು ವರ್ಷದ ದುಡಿಮೆ ನೀರುಪಾಲಾಗುತ್ತದಲ್ಲ ಎಂದು ಸಂಕಟವಾಯಿತು. ಅದರ ಬೆನ್ನಿಗೇ, ರದ್ದಾದರೆ ಅವಳೂ ಹೋಗುವುದಿಲ್ಲವಲ್ಲ ಎಂಬ ಯೋಚನೆಯೂ ಬಂತು. ಸುಳ್ಳು ಯಾಕೆ, ಆ ಯೋಚನೆ ವೆಂಬ್ಲಿ ಪಾರ್ಕ್ ಬರುವವರೆಗೂ ಪಕ್ಕದ ಸೀಟಿನಲ್ಲೇ ಕೂತಿತ್ತು, ಮತ್ತು ಅದರ ಸಹವಾಸ ನನಗೆ ಹಿತವಾಗಿಯೇ ಇತ್ತು.

ಆದರೆ ಕೈ ಸುಮ್ಮನಿರಲಿಲ್ಲ. ಆಫೀಸಿಗೆ ಹೋಗಿ ಲೀಮಾದ ಗ್ರಹಣಕಾಲ ತೆಗೆದು ನೋಡಿದೆ. ಲೀಮಾ ಪಶ್ಚಿಮದಲ್ಲಿರುವುದರಿಂದ ಅಲ್ಲಿ ಹಗಲು ಇನ್ನೂ ಉಳಿದಿರುತ್ತದೆ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಹಿಡಿದು, ಸೂರ್ಯ ಮುಳುಗುವುದಕ್ಕೆ ಒಂದು ಗಂಟೆಗೂ ಮೊದಲೇ ಬಿಟ್ಟುಬಿಡುತ್ತದೆ. ಒಂದೇ ಗ್ರಹಣ, ಮೂರು ಸಾವಿರ ಕಿಲೋಮೀಟರು ಈಚೆ ಇದ್ದರೆ ಸಂಜೆಗೇ ಸ್ನಾನ ಮಾಡಿ ಊಟ, ಆಚೆ ಇದ್ದರೆ ರಾತ್ರಿಯಿಡೀ ಉಪವಾಸ. ಗುಂಪನ್ನು ಲೀಮಾದಲ್ಲೇ ಉಳಿಸಿ, ಭಟ್ಟರ ಬಿಸಿ ಅಡುಗೆ ಉಣ್ಣಿಸಿ, ರಾತ್ರಿಯ ವಿಮಾನ ಹತ್ತಿಸಿದರೆ ಮುಗಿಯಿತು. ಬೆಳಗಿನ ಜಾವ ಆ ಊರು. ಅಷ್ಟು ಸುಲಭ ಎನ್ನಿಸಿ ಒಬ್ಬಳೇ ನಕ್ಕೆ.

ಸುಲಭವಾಗಿರಲಿಲ್ಲ. ರಾತ್ರಿಯ ವಿಮಾನದಲ್ಲಿ ನಮಗೆ ಒಂದು ಸೀಟು ಕಡಿಮೆ ಬಿತ್ತು. ಏರ್‌ಲೈನ್‌ನವರನ್ನು ಎಷ್ಟು ಕಾಡಿದರೂ ಆ ಒಂದು ಸೀಟು ಹುಟ್ಟಲಿಲ್ಲ. ಇನ್ನೊಂದು ತೊಡಕು ಬ್ಯೂನಸ್ ಐರಿಸ್‌ನ ಹೋಟೆಲಿನದು. ಮೊದಲ ರಾತ್ರಿಯಿಂದಲೇ ಕೋಣೆಗಳು ನಮ್ಮ ಹೆಸರಿನಲ್ಲಿವೆ. ಆ ರಾತ್ರಿ ಯಾರೂ ಹೋಗಿ ಬೀಗದ ಕೈ ಇಸಿದುಕೊಳ್ಳದಿದ್ದರೆ ಬಂದಿಲ್ಲವೆಂದು ಬರೆದುಕೊಂಡು ಎಲ್ಲಾ ಕೋಣೆಗಳನ್ನೂ ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಫೋನಿನಲ್ಲಿ ಹೇಳಿದ್ದು ಪಾಳಿ ಬದಲಾದ ಮೇಲೆ ಎಷ್ಟು ಉಳಿಯುತ್ತದೆಂದು ಈ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತು. ಅಂದರೆ ಒಬ್ಬರು ಹಳೆಯ ಮಧ್ಯಾಹ್ನದ ವಿಮಾನದಲ್ಲೇ ಮುಂದೆ ಹೋಗಬೇಕು, ಕೋಣೆ ಹಿಡಿಯಬೇಕು, ಬೆಳಿಗ್ಗೆ ಭಟ್ಟರಿಗೆ ಅಡುಗೆಮನೆ ತೆರೆಸಬೇಕು.

ಯಾರು ಎಂದು ಹೇಳಲು ಜಾಣತನ ಬೇಕಿರಲಿಲ್ಲ. ಆದರೂ ಎರಡು ದಿನ ಬೇರೆ ಹೆಸರು ಹುಡುಕಿದೆ. ಭಟ್ಟರನ್ನು ಕಳಿಸಿದರೆ ಗ್ರಹಣ ಬಿಟ್ಟ ಮೇಲೆ ಲೀಮಾದಲ್ಲಿ ಬೇಯಿಸುವವರು ಯಾರು? ಗುಂಪಿನ ಯಾವ ದಂಪತಿಯೂ ಗ್ರಹಣದಲ್ಲಿ ಹೊರಗೆ ಕಾಲಿಡುವುದಿಲ್ಲ. ಲೀಮಾದ ಏಜೆಂಟು ಗುಂಪನ್ನು ರಾತ್ರಿ ವಿಮಾನ ಹತ್ತಿಸಬಲ್ಲ, ಊರು ಬಿಟ್ಟು ಬರುವುದಿಲ್ಲ. ನನ್ನ ಮನಸ್ಸಿನಲ್ಲಿದ್ದ ಚಿತ್ರವೇ ಬೇರೆ. ಇಪ್ಪತ್ತು ಚಿಲ್ಲರೆ ಮುದುಕರ ಜೊತೆ ಲೀಮಾದ ಹೋಟೆಲಿನಲ್ಲಿ ಪರದೆ ಎಳೆದುಕೊಂಡು ಅವಳು ಜಪ ಕೇಳುತ್ತಾ ಕೂರಬೇಕು, ಸೂರ್ಯನ ತುದಿಯೂ ಕಾಣಬಾರದು. ಅದರ ಬದಲು ನಾನೇ ಕೈಯಾರೆ ಅವಳನ್ನು ಕಿಟಕಿಯ ಪಕ್ಕ ಕೂರಿಸಿ ಆ ಆಕಾಶದೊಳಕ್ಕೆ ಕಳಿಸಬೇಕಾಗಿತ್ತು.

ದೊಡ್ಡಮ್ಮನಿಗೆ ಶಾಸ್ತ್ರದ ಖಾತ್ರಿ ಬೇಕಿತ್ತು. ಸ್ಟ್ರಾಟ್‌ಫರ್ಡ್ ಕಡೆ ಇರುವ ನಮ್ಮ ಪುರೋಹಿತರ ಬಳಿಗೆ ಹೋದೆ. ಗ್ರಹಣ ಎಲ್ಲಿ ಕಾಣುತ್ತದೋ ಅಲ್ಲಿದ್ದವರಿಗೆ ಆಚರಣೆ, ಎಲ್ಲಿ ಬಿಡುವುದು ಕಂಡಿತೋ ಅಲ್ಲಿಗೆ ಮುಗಿಯಿತು, ಕಾಯಿಲೆಯವರು ಬೆಳಿಗ್ಗೆ ಬೇಗ ತಿಂಡಿ ತಿಂದರೆ ದೋಷವಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಜುಬಿಲಿ ಲೈನ್‌ನಲ್ಲಿ ವಾಪಸ್ ಬರುವಾಗ ನನಗೆ ಇನ್ನು ನೆಪಗಳು ಉಳಿದಿರಲಿಲ್ಲ. ಟೂರು ನನ್ನದು. ಅದು ನಡೆಯಬೇಕಾದರೆ ಅವಳು ಆ ವಿಮಾನದಲ್ಲಿ ಇರಬೇಕು. ಫಿಂಚ್ಲಿ ರೋಡಿನಲ್ಲಿ ಟ್ರೇನು ಸುರಂಗದಿಂದ ಮೇಲೆ ಬಂದು ಸಿಗ್ನಲ್ ಸಿಕ್ಕ ಕೂಡಲೇ ಮಾಲೀಕರಿಗೆ ಫೋನು ಮಾಡಿ ಹೇಳಿಬಿಟ್ಟೆ, ತಡ ಮಾಡಿದರೆ ಮನಸ್ಸು ಬದಲಾದೀತೆಂದು.

ಹೇಳಿದ ಮೇಲೆ ಅರ್ಧಂಬರ್ಧ ಮಾಡಲು ನನ್ನಿಂದ ಆಗುವುದಿಲ್ಲ. ವಿಮಾನ ಆಗ್ನೇಯಕ್ಕೆ ಹೋಗುತ್ತದೆ, ಸೂರ್ಯ ವಾಯುವ್ಯದಲ್ಲಿ ಇಳಿಯುತ್ತಾನೆ. ಹಾಗಾಗಿ ಬಲಗಡೆ, ರೆಕ್ಕೆಗಿಂತ ಹಿಂದಿನ ಕಿಟಕಿ, ಕತ್ತು ಹಿಂದಕ್ಕೆ ಹೊರಳಿಸಿದರೆ ಕಾಣುತ್ತಾನೆ ಎಂದು ಲೆಕ್ಕ ಹಾಕಿ ಆ ಸೀಟನ್ನೇ ಗೊತ್ತು ಮಾಡಿದೆ. ಗ್ರಹಣ ನೋಡುವ ಕಪ್ಪು ಕನ್ನಡಕ ತರಿಸಿ ಅವಳ ಕೈಗೆ ಕೊಟ್ಟೆ. ಅವಳು ನನ್ನನ್ನು ತಬ್ಬಿಕೊಂಡು, "ಅಕ್ಕ, ನಿಮ್ಮಷ್ಟು ಯಾರು ಯೋಚನೆ ಮಾಡ್ತಾರೆ ಹೇಳಿ" ಎಂದಳು. ನಾನು ಕೋಲಿನ ಹಾಗೆ ನಿಂತಿದ್ದೆ.

ಗುಂಪು ಹೊರಟಿತು. ಮೊದಲು ಕುಸ್ಕೊ, ಬೆಟ್ಟದ ಮೇಲಿನ ಊರು, ಅಲ್ಲಿ ಉಸಿರಾಡುವುದೇ ಕಷ್ಟ. ಆಮೇಲೆ ಲೀಮಾ. ಗ್ರಹಣದ ದಿನ ನಾನು ಬೇಗ ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಒಂದು ಕಡೆ ನಕ್ಷೆಯ ಮೇಲೆ ಅವಳ ವಿಮಾನ ಹಳದಿ ಚುಕ್ಕೆಯಾಗಿ ಆಂಡೀಸ್ ದಾಟುತ್ತಿತ್ತು, ನಾನು ಎಳೆದ ದಾರದ ಮೇಲೆಯೇ. ಇನ್ನೊಂದು ಕಡೆ ಅರ್ಜೆಂಟೀನಾದಿಂದ ಗ್ರಹಣದ ನೇರಪ್ರಸಾರ. ಸೂರ್ಯ ಹೊಲದ ಅಂಚಿಗೆ ಇಳಿದು ಒಡೆದ ಬಳೆಯ ಚೂರಿನಷ್ಟಾಗಿದ್ದ. ಮಗಳು ಬಂದು ನೋಡಿ, "ಸೋ ಪ್ರಿಟಿ, ಅಮ್ಮಾ" ಎಂದು ಹೇಳಿ ಹೋದಳು. ಚುಕ್ಕೆ ಮತ್ತು ಚೂರು ಎರಡನ್ನೂ ನೋಡುತ್ತಾ, ಇದೇ ಗಳಿಗೆಯಲ್ಲಿ ಅವಳು ಗಾಜಿಗೆ ಹಣೆ ಒತ್ತಿಕೊಂಡು ಕೂತಿರುತ್ತಾಳೆಂದು ಎಣಿಸಿ ನನಗೆ ಅಳು ಬಂತು. ಸಂತೋಷದ್ದಲ್ಲ.

ಮರುದಿನ ಮಧ್ಯಾಹ್ನ ಆಫೀಸಿಗೆ ಬ್ಯೂನಸ್ ಐರಿಸ್‌ನಿಂದ ಫೋನು ಬಂತು. ಮೊದಲು ದೊಡ್ಡಮ್ಮ. ಲೀಮಾದಲ್ಲಿ ಗ್ರಹಣ ಬಿಡುವುದನ್ನು ಕಾದು, ಸ್ನಾನ ಮಾಡಿ, ಭಟ್ಟರ ಅನ್ನ ಸಾರು ಉಂಡು, ಇನ್ಸುಲಿನ್ ಹೊತ್ತಿಗೆ ಸರಿಯಾಗಿ ತೆಗೆದುಕೊಂಡು ವಿಮಾನ ಹತ್ತಿದರಂತೆ. ಬಂದಾಗ ಕೋಣೆಗಳು ತಯಾರಿದ್ದವಂತೆ, ಅಡುಗೆಮನೆ ತೆರೆದಿತ್ತಂತೆ. ಸಕ್ಕರೆ ಒಂದಿಷ್ಟೂ ಏರುಪೇರಾಗಿಲ್ಲ ಎಂದರು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಆಮೇಲೆ ಫೋನು ಹುಡುಗಿಯ ಕೈಗೆ ಹೋಯಿತು. ಗಂಟಲು ಕಟ್ಟಿ ದನಿ ಗೊಗ್ಗರಾಗಿತ್ತು.

ನಾನು ತಡೆದುಕೊಳ್ಳಲಾರದೆ ಹೇಗೆ ಕಂಡಿತು ಎಂದು ಕೇಳಿದೆ.

"ಏನ್ ಹೇಳ್ಲಿ ಅಕ್ಕ, ನಿದ್ದೆ ಹೋಗ್ಬಿಟ್ಟೆ."

ಅವಳೇ ಹೇಳಿದಳು. ಕುಸ್ಕೊದಲ್ಲಿ ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಒಬ್ಬರಿಗೆ ಉಸಿರು ಕಟ್ಟುತ್ತಿತ್ತು, ಇನ್ನೊಬ್ಬರಿಗೆ ವಾಂತಿ, ಆಕ್ಸಿಜನ್ ಸಿಲಿಂಡರು ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ಓಡಿದ್ದಳು. ಹೆದರುತ್ತೇವೆಂದು ನಮಗೆ ತಿಳಿಸಿರಲಿಲ್ಲ. ವಿಮಾನದಲ್ಲಿ ನಾನು ಗೊತ್ತು ಮಾಡಿದ ಸೀಟಿನಲ್ಲೇ ಕೂತು, ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಕಿಟಕಿಯ ಪರದೆ ಎಳೆದು, ಐದು ನಿಮಿಷ ಮಲಗೋಣ ಎಂದುಕೊಂಡವಳು ಚಕ್ರ ನೆಲಕ್ಕೆ ತಾಗಿದಾಗಲೇ ಎದ್ದದ್ದು. ಕಪ್ಪು ಕನ್ನಡಕ ಬಿಚ್ಚದ ಪೊಟ್ಟಣದಲ್ಲೇ ಉಳಿದಿತ್ತು.

ಆ ಕ್ಷಣ ಬಂದ ಸಿಟ್ಟಿಗೆ ಹೆಸರಿಲ್ಲ. ಎರಡು ದಿನ ನನ್ನ ಜೊತೆಗೇ ಜಗಳ ಆಡಿ ಬಿಟ್ಟುಕೊಟ್ಟ ಕಿಟಕಿಗೆ ಪರದೆ ಎಳೆದು ಮಲಗಿದ್ದಳು. ಆದರೆ ಆ ಗೊಗ್ಗರು ದನಿ ಕೇಳುತ್ತಾ, ಸಿಲಿಂಡರು ಹಿಡಿದು ಓಡಿದ ಆ ರಾತ್ರಿಗಳು ನಾನು ಬಯಸಿದ ಕೆಲಸದ್ದೇ ಎಂಬುದು ಹೊಳೆದು ಸಿಟ್ಟು ನುಂಗಿಕೊಂಡೆ.

"ನೀವು ನೋಡಿದ್ರಾ ಅಕ್ಕ? ಹೇಗಿತ್ತು ಹೇಳಿ" ಎಂದಳು.

ಹೇಳಿದೆ. ಬೆಳಕು ಹಳದಿಯಿಂದ ಬೂದಿಯ ಬಣ್ಣಕ್ಕೆ ತಿರುಗಿದ್ದು, ಹೊಲದ ಅಂಚಿನಲ್ಲಿ ಬಳೆಯ ಚೂರು ನಿಂತದ್ದು, ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಗೂಡಿನ ಕಡೆ ಹೊರಟದ್ದು. ಆ ದೇಶದಲ್ಲಿ ನಿಂತವಳಿಗೆ ಈಲಿಂಗ್ ರೋಡಿನಲ್ಲಿ ಕೂತವಳು ಆ ದೇಶದ ಆಕಾಶವನ್ನು ವರ್ಣಿಸಿದೆ. ಅವಳು ಹ್ಞೂಂ ಹ್ಞೂಂ ಎನ್ನುತ್ತಾ ಕೇಳಿದಳು.

"ಅಯ್ಯೋ, ನಿಮ್ಮ ಮೇಲೆ ಹೊಟ್ಟೆಕಿಚ್ಚಾಗ್ತಿದೆ ಅಕ್ಕ" ಎಂದಳು ಕೊನೆಗೆ.

ಅಷ್ಟು ತಿಂಗಳು ನಾನು ಹಲ್ಲು ಕಚ್ಚಿ ಒಳಗಿಟ್ಟುಕೊಂಡ ಮಾತು ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಬಂದುಬಿಟ್ಟಿತು.

"ನನಗೂ ಕಣೇ" ಎಂದೆ.

ಅವಳು ತಮಾಷೆ ಎಂದುಕೊಂಡು ನಕ್ಕಳು. ನಾನು ನಗಲಿಲ್ಲ. ಇವತ್ತು ರಾತ್ರಿಯಾದರೂ ಹೊತ್ತಿಗೆ ಸರಿಯಾಗಿ ಮಲಗು ಎಂದು ಹೇಳಿ, ಮುಂದಿನ ವಿಮಾನದ ಸಮಯ ಓದಿ ತಿಳಿಸಿ ಫೋನಿಟ್ಟೆ.